ಅಜ್ಜನ ಪೇಟಿ, ಖರ್ಜದ ರೀಡು ಮತ್ತು ನನ್ನ ಲೆಡ್ಜರ್

1/8

ಮೊದಲನೇ ಫೋಟೋದಲ್ಲಿ ಫಳಫಳ ಹೊಳೀತಿರೋ ಹಾರ್ಮೋನಿಯಂ ನೋಡಿ ಯಾರೂ "ಸೂಪರ್" ಅಂತ ಕಮೆಂಟ್ ಹಾಕಬೇಡಿ, ಪ್ಲೀಸ್. ಅದು ನಾನು ಮಾಡಿದ ತಪ್ಪಿನ ಫೋಟೋ. ಈ ಎಂಟೂ ಪೋಸ್ಟ್ ಅದರ ಬಗ್ಗೆನೇ. ಇಷ್ಟುದ್ದ ಕ್ಯಾಪ್ಷನ್ ಯಾರು ಓದ್ತಾರೆ ಅಂತ ನನ್ನ ರೂಮ್‌ಮೇಟ್ ಈಗಾಗಲೇ ನಕ್ಕಿದ್ದಾಳೆ. ನೀವು ಓದಿ ಅವಳ ಬಾಯಿ ಮುಚ್ಚಿಸಿ.

ನಮ್ಮೂರು ಗದಗ ಜಿಲ್ಲೆ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ. ಅಜ್ಜ ಹಗಲು ಹೊಲ ಮಾಡ್ತಿದ್ದ, ರಾತ್ರಿ ಭಜನಾ ಮ್ಯಾಳಕ್ಕೆ ಪೇಟಿ ಬಾರಿಸ್ತಿದ್ದ. ಶ್ರಾವಣ ಬಂದ್ರೆ ತಿಂಗಳು ಪೂರ್ತಿ ಗುಡಿಯಲ್ಲೇ. ನಾನು ಅವನ ಮಗ್ಗುಲಲ್ಲಿ ಕೂತು, ಎರಡನೇ ಹಾಡಿಗೇ ನಿದ್ದೆ ಹೋಗ್ತಿದ್ದೆ. ತಲೆ ಪೇಟಿಗೆ ತಾಗಿಸಿಕೊಂಡು ಮಲಗೋದು ಅಭ್ಯಾಸ. ಎಡಗಡೆ ತುದಿಯ ಮೊದಲ ಕರಿ ಕೀ ಒತ್ತಿದಾಗ ಬರ್ತಿದ್ದ ಸ್ವರ ಇದೆಯಲ್ಲ, ಅದು ಕಿವಿಗಿಂತ ಮೊದಲು ಹಲ್ಲಿಗೆ ಗೊತ್ತಾಗ್ತಿತ್ತು. ಹೊಟ್ಟೆ ಒಳಗೆ ಯಾರೋ ಗುಂಯ್ ಅಂದ ಹಾಗೆ.

"ಇದಕ್ಕ ಖರ್ಜ ಅಂತಾರ ನೋಡು ತಂಗಿ. ಇದು ಕೆಳಗ ಕುಂತಿದ್ರ ಮ್ಯಾಲಿನವ್ರು ಧೈರ್ಯಲೆ ಹಾಡ್ತಾರ" ಅಂತಿದ್ದ ಅಜ್ಜ.

ನಾನು ಸೆಕೆಂಡ್ ಪಿಯುಸಿ ಇದ್ದಾಗ ಅಜ್ಜ ಹೋದ. ಪೇಟಿ ಅಟ್ಟ ಸೇರ್ತು.

2/8

ಹೋದ ವರ್ಷ ಟ್ಯೂಷನ್ ಹೇಳಿ ಬಂದ ದುಡ್ಡು ಕೈಯಲ್ಲಿತ್ತು. ಅಜ್ಜನ ವರ್ಷದ ದಿನಕ್ಕೆ ಪೇಟಿ ರಿಪೇರಿ ಮಾಡಿಸಿ ಅಪ್ಪನಿಗೆ ಸರ್ಪ್ರೈಸ್ ಕೊಡೋಣ ಅಂದುಕೊಂಡೆ. ಅಟ್ಟದಿಂದ ಇಳಿಸಿದಾಗ ಎರಡು ಕೀ ಮುರಿದಿದ್ವು, ತಿದಿಯ ಬಟ್ಟೆಯನ್ನ ಇಲಿ ಕಡಿದಿತ್ತು, ನಾಲ್ಕೈದು ಸ್ವರ ಬಾಯಿ ಬಿಡ್ತಿರಲಿಲ್ಲ. ರಿಪೇರಿ ಮಾಡೋರೊಬ್ಬರ ಹತ್ರ ಒಯ್ದೆ. ಯಾರು, ಎಲ್ಲಿ ಅಂತ ಕೇಳಬೇಡಿ, ಹೇಳಲ್ಲ. ಅವರು "ಏನೇನ್ ಮಾಡ್ಬೇಕವಾ?" ಅಂದ್ರು. ನಾನು ದೊಡ್ಡ ಮನುಷ್ಯಳ ಥರ "ಎಲ್ಲಾ ಹೊಸಾದು ಹಾಕಿಬಿಡ್ರಿ ಕಾಕಾ" ಅಂದೆ.

ಅವರು ಹೇಳಿದ ಮಾತಿನಂತೆ ಎಲ್ಲಾ ಹೊಸದು ಹಾಕಿದ್ರು. ಪಾಲಿಶ್, ಕೀ, ತಿದಿ, ರೀಡು. ಹೌದು, ರೀಡು ಕೂಡ.

ಮನೆಗೆ ತಂದು ಆ ಕರಿ ಕೀ ಒತ್ತಿದೆ. ಶ್ರುತಿ ಸರಿಯಾಗಿತ್ತು, ಸ್ವರ ಸ್ವಚ್ಛವಾಗಿತ್ತು. ಆದ್ರೆ ಪೇಟಿಗೆ ತಲೆ ಇಟ್ಟೆ, ಹಲ್ಲಿಗೆ ಏನೂ ಗೊತ್ತಾಗಲಿಲ್ಲ. ಖರ್ಜದ ಸಾಲನ್ನೇ ತೆಗೆದು, ಆ ಜಾಗಕ್ಕೆ ಇನ್ನೊಂದು ಸಾಲು ಮಾಮೂಲಿ ರೀಡು ಕೂರಿಸಿದ್ರು. ಮರುದಿನವೇ ಓಡಿ ಹೋಗಿ ಹಳೇ ರೀಡು ಕೇಳಿದೆ. "ಹಿತ್ತಾಳಿ ತೂಕಕ್ಕ ಹೋತವಾ ಅದು, ನೀನ ಹೇಳಿದ್ದೆಲ್ಲಾ ಎಲ್ಲಾ ಹೊಸಾದು ಅಂತ?"

ನಾನೇ ಹೇಳಿದ್ದೆ. ಅದೇ ತೊಂದ್ರೆ. ಬೈಯೋಕೂ ಯಾರೂ ಸಿಗಲಿಲ್ಲ.

ಅಪ್ಪ ಪೇಟಿ ನೋಡಿ "ಚಂದ ಆಗೇತಿ" ಅಂದ. ಒಂದು ಸಲ ಒತ್ತಿದ. ಮತ್ತೆ ಮುಟ್ಟಲಿಲ್ಲ.

3/8

ಈಗ ಸ್ವಲ್ಪ ಟೆಕ್ನಿಕಲ್. ಸ್ಕ್ರೋಲ್ ಮಾಡಬೇಡಿ, ಇದು ಗೊತ್ತಿದ್ರೆ ನಿಮ್ಮ ಮನೆ ಪೇಟಿ ಉಳಿಯುತ್ತೆ.

ರೀಡು ಅಂದ್ರೆ ಹಿತ್ತಾಳೆಯ ಒಂದು ಪಟ್ಟಿ, ಅದರಲ್ಲೊಂದು ಸೀಳು, ಸೀಳಿನ ಮೇಲೆ ಒಂದು ತುದಿ ಮಾತ್ರ ಬಿಗಿದ ಹಿತ್ತಾಳೆ ನಾಲಿಗೆ. ಗಾಳಿ ನುಗ್ಗಿದ್ರೆ ನಾಲಿಗೆ ನಡುಗುತ್ತೆ. ಗಿಡ್ಡ ನಾಲಿಗೆ ಬೇಗ ನಡುಗುತ್ತೆ, ಸ್ವರ ಮೇಲೆ ಹೋಗುತ್ತೆ. ಉದ್ದ ನಾಲಿಗೆ, ಅದರಲ್ಲೂ ತುದಿ ಭಾರ ಇದ್ರೆ, ನಿಧಾನ ನಡುಗುತ್ತೆ, ಸ್ವರ ಕೆಳಗಿಳಿಯುತ್ತೆ. ಸ್ಕೇಲನ್ನ ಟೇಬಲ್ ಅಂಚಿಗೆ ಒತ್ತಿ ಹಿಡಿದು ಟ್ರ್‌ರ್ ಅನ್ನಿಸಿದ್ದೀರಲ್ಲ, ಅದೇ ಲೆಕ್ಕ. ಶ್ರುತಿ ಮಾಡೋದೂ ಹಾಗೇನೆ: ತುದಿ ಕೆರೆದ್ರೆ ಸ್ವರ ಏರುತ್ತೆ, ಬುಡ ಕೆರೆದ್ರೆ ಇಳಿಯುತ್ತೆ. ಕೆರೆದಿದ್ದನ್ನ ವಾಪಸ್ ಅಂಟಿಸೋಕೆ ಬರಲ್ಲ, ನೆನಪಿರಲಿ.

ಒಂದು ಕೀ ಕೆಳಗೆ ಒಂದೇ ರೀಡು ಇರಬೇಕು ಅಂತೇನಿಲ್ಲ. ಒಳ್ಳೆ ಪೇಟಿಯಲ್ಲಿ ಎರಡು ಸಾಲು, ಕೆಲವದರಲ್ಲಿ ಮೂರು. ನಡುವಿನದು ನರ, ಅದಕ್ಕಿಂತ ಒಂದು ಸಪ್ತಕ ಮೇಲಿನದು ಮಾದಿ, ಒಂದು ಸಪ್ತಕ ಕೆಳಗಿನದು ಖರ್ಜ. ಅಜ್ಜ ಹಾಡ್ತಿದ್ದದ್ದು ಕರಿ ಒಂದರಲ್ಲಿ. ಆ ಕೀ ಒತ್ತಿದ್ರೆ ಖರ್ಜದ ನಾಲಿಗೆ ಸೆಕೆಂಡಿಗೆ ಸುಮಾರು 69 ಸಲ ನಡುಗುತ್ತೆ. ನರದ್ದು ಅದರ ಎರಡರಷ್ಟು. ಇವೆರಡೂ ಒಟ್ಟಿಗೆ ನುಡಿದಾಗ ಬರೋದೇ ಆ ಹೊಟ್ಟೆ ಗುಂಯ್.

ಖರ್ಜ ಸೋಮಾರಿ. ಗಾಳಿ ಜಾಸ್ತಿ ಬೇಕು, ಒತ್ತಿದ ಕೂಡಲೇ ಮಾತಾಡಲ್ಲ, ಒಂದು ಚೂರು ತಡ ಮಾಡಿ ಏಳುತ್ತೆ. ನಮ್ಮ ಅಜ್ಜನ ಹಾಗೆ, ಕರೆದ ಮೂರನೇ ಸಲಕ್ಕೆ "ಆಂ?" ಅನ್ನೋದು.

4/8

ಹೊಟ್ಟೆಯುರಿಗೆ ರಾತ್ರಿಯೆಲ್ಲಾ ಫೋನಲ್ಲಿ ಖರ್ಜದ ರೀಡು ಹುಡುಕುತ್ತಾ ಇದ್ದೆ. ಹಾಗೇ ಎಲ್ಲೆಲ್ಲೋ ಹೋಗಿ ಇಂಗ್ಲೆಂಡಿನ ಒಂದು ವಿಡಿಯೋ ಸಿಕ್ತು. ಒಬ್ಬ ಮುದುಕ, ಮಡಿಲಲ್ಲಿ ಆರು ಮೂಲೆಯ ದೊಡ್ಡ ಡಬ್ಬಿ, ಎರಡೂ ಕೈಯಿಂದ ಹಿಂಡ್ತಾನೆ, ಗುಂಯ್! ನಮ್ಮಜ್ಜನದೇ ಸದ್ದು. ಅದರ ಹೆಸರು ಕನ್ಸರ್ಟಿನಾ. ಆತನ ಹತ್ರ ಇದ್ದದ್ದು ಬಾಸ್ ಕನ್ಸರ್ಟಿನಾ, ಅಂದ್ರೆ ಅದರ ಖರ್ಜ.

ಇದನ್ನ ಲಂಡನ್ನಿನಲ್ಲಿ ರೂಪಿಸಿದವನು ಚಾರ್ಲ್ಸ್ ವೀಟ್‌ಸ್ಟೋನ್. ಸೈನ್ಸ್ ಓದಿದ ಫ್ರೆಂಡ್ಸ್, ಹೌದು, ಅದೇ ವೀಟ್‌ಸ್ಟೋನ್ ಬ್ರಿಡ್ಜ್‌ನವನೇ. (ಆ ಬ್ರಿಡ್ಜ್ ಕಂಡುಹಿಡಿದದ್ದು ಕ್ರಿಸ್ಟಿ ಅನ್ನೋನು, ಹೆಸರು ಮಾತ್ರ ವೀಟ್‌ಸ್ಟೋನ್‌ಗೆ ಹೋಯ್ತು. ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆಲ್ಲಾ ಈ ನೋವು ಗೊತ್ತು.) 1829ರಲ್ಲಿ ಒಂದು ಪೇಟೆಂಟ್, 1844ರಲ್ಲಿ ಇನ್ನೊಂದು. ಮಾಮೂಲಿ ಟ್ರೆಬಲ್ ಕನ್ಸರ್ಟಿನಾದಲ್ಲಿ 48 ಗುಂಡಿ, ಅದರ ಕೆಳಗಿನ ಸ್ವರ ಪಿಟೀಲಿನ ಕೆಳಗಿನ ತಂತಿಯಷ್ಟು. ಬ್ಯಾರಿಟೋನ್ ಅದಕ್ಕಿಂತ ಒಂದು ಸಪ್ತಕ ಕೆಳಗೆ, ಬಾಸ್ ಎರಡು ಸಪ್ತಕ ಕೆಳಗೆ. ಮಾಮೂಲಿಯದು ಹಿಂಡಿದ್ರೂ ಎಳೆದ್ರೂ ನುಡಿಯುತ್ತೆ. ಬಾಸ್‌ನಲ್ಲಿ ಬಹಳಷ್ಟು ಹಿಂಡಿದಾಗ ಮಾತ್ರ ನುಡಿಯುತ್ತವೆ, ಎಳೆದಾಗ ಬರೀ ಗಾಳಿ ತುಂಬಿಕೊಳ್ಳುತ್ತವೆ. ಯಾಕಂದ್ರೆ ಉದ್ದ ನಾಲಿಗೆಗೆ ಜಾಗ ಬೇಕು, ಗಾಳಿಯೂ ರಾಶಿ ಬೇಕು. ಖರ್ಜ ಎಲ್ಲಿ ಹೋದ್ರೂ ಸೋಮಾರಿನೇ.

ಆದ್ರೆ ನನ್ನ ನಿದ್ದೆ ಕೆಡಿಸಿದ್ದು ಅದಲ್ಲ. ಅಲ್ಲಿ ಹಳೇ ಬಾಸ್ ಕನ್ಸರ್ಟಿನಾ ಸಂಗ್ರಹ ಮಾಡೋರು ಹೊರಗಿನ ಲೇಬಲ್ ನೋಡಿ ದುಡ್ಡು ಕೊಡಲ್ಲ. ಸ್ಕ್ರೂ ಬಿಚ್ಚಿ ಒಳಗೆ ನೋಡ್ತಾರೆ. ರೀಡಿನ ಹಲಗೆ ಮೇಲೆ, ತಿದಿಯ ಕಟ್ಟಿನ ಮೇಲೆ, ಗುಂಡಿಯ ಹಲಗೆ ಮೇಲೆ ಒಂದೇ ನಂಬರ್ ಒತ್ತಿರಬೇಕು. ಬೇರೆ ಬೇರೆ ಇದ್ರೆ ಎರಡು ಡಬ್ಬಿ ಸೇರಿಸಿ ಒಂದು ಮಾಡಿದ್ದಾರೆ ಅಂತ ಅನುಮಾನ. ವೀಟ್‌ಸ್ಟೋನ್ ಕಂಪನಿಯದಾದ್ರೆ ಆ ನಂಬರ್ ಹಿಡಿದು ಕಂಪನಿಯ ಹಳೇ ಲೆಡ್ಜರ್ ನೋಡ್ತಾರೆ. ಅವು ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿವೆ. ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದ್ದಾರೆ. ನಾನು ಪುಟ ತೆಗೆದು ನೋಡಿದೆ. ಶಾಯಿಯಲ್ಲಿ ನಂಬರ್, ತಾರೀಖು, ಕೊಂಡವರ ಹೆಸರು. ಎಲ್ಲಾ ವರ್ಷದವು ಉಳಿದಿಲ್ಲ, ನಡುವೆ ಖಾಲಿ ಇದೆ. ಅದೇ ಊರಿನ ಲಾಶೆನಾಲ್ ಅನ್ನೋ ಕಂಪನಿಯದಂತೂ ಇಂಥ ಪುಸ್ತಕವೇ ಉಳಿದಿಲ್ಲ, ಅವರ ಡಬ್ಬಿಗಳ ವಯಸ್ಸನ್ನ ನಂಬರ್ ನೋಡಿ ಅಂದಾಜು ಮಾಡ್ತಾರೆ.

ಬಿಕಾಂ ಮೂರು ವರ್ಷದಲ್ಲಿ ಮೊದಲ ಸಲ ಲೆಡ್ಜರ್ ನೋಡಿ ಕಣ್ಣಲ್ಲಿ ನೀರು ಬಂತು. ಅಕೌಂಟೆನ್ಸಿ ಮೇಡಂ ಇದನ್ನ ಓದ್ತಿದ್ರೆ, ಸಾರಿ ಮೇಡಂ.

5/8

ನಮ್ಮ ಪೇಟಿಗಳಿಗೆ ಅಂಥ ಪುಸ್ತಕ ಇಲ್ಲದಿದ್ರೆ ನಾನೇ ಒಂದು ಬರೆಯೋಣ ಅಂತ 200 ಪುಟದ ನೋಟ್‌ಬುಕ್ ತಗೊಂಡೆ. ಭಾನುವಾರ ಗುಜರಿ ಅಂಗಡಿ, ಹಳೇ ಭಜನಾ ಮ್ಯಾಳ, ಗೊತ್ತಿದ್ದೋರ ಅಟ್ಟ. ಜೊತೆಗೆ ಟಾರ್ಚ್, ಸಣ್ಣ ಬ್ರಶ್, ಅಳತೆ ಟೇಪು.

ಮೊದಲ ಗುಜರಿ ಅಂಗಡಿಯಲ್ಲೇ ಮೋಸ ಹೋಗೋದಿತ್ತು. ಅಂಗಡಿಯವರು ಒಂದು ಪೇಟಿ ತೆಗೆದು ಒತ್ತಿ "ಕೇಳು ತಂಗಿ, ಡಬಲ್ ರೀಡು, ಖರ್ಜ ಐತಿ" ಅಂದ್ರು. ಗುಂಯ್ ಅಂತು. ನನಗೆ ಎದೆ ಝಲ್ಲಂತು. 2,200 ರೂಪಾಯಿ ಕೇಳಿದ್ರು. ಪರ್ಸ್ ತೆಗೆಯೋ ಮುಂಚೆ ಕೀ ಕಡೆ ನೋಡಿದೆ. ಅವರು ಒತ್ತಿದ್ದು ಒಂದೇ ಕೀ. ಎಡಗಡೆಗೆ ಇನ್ನೊಂದು ಕೀ ತಾನಾಗೇ ಕೆಳಗೆ ಹೋಗ್ತಿತ್ತು, ದೆವ್ವ ಒತ್ತಿದ ಹಾಗೆ. ಅದು ಕಪ್ಲರ್. ಒಂದು ಕೀ ಒತ್ತಿದ್ರೆ ಒಂದು ಸಪ್ತಕ ಕೆಳಗಿನ ಕೀಯನ್ನೂ ಎಳೆಯೋ ಸರಳಿನ ಏರ್ಪಾಡು. ಇರೋದು ಒಂದೇ ಸಾಲು ರೀಡು, ಸದ್ದು ಮಾತ್ರ ಎರಡು. ಅಂಗಡಿಯವರಿಗೂ ಇದು ಗೊತ್ತಿರಲಿಲ್ಲ ಅನ್ಸುತ್ತೆ, ಪಾಪ, ಕಪ್ಲರ್ ತೆಗೆದು ತೋರಿಸಿದಾಗ ಅವರೇ ಬೆರಗಾದ್ರು.

ಹಾಗಾಗಿ ಖರ್ಜ ಇದೆಯೋ ಇಲ್ವೋ ನೋಡೋಕೆ ಮೊದಲು ಕಪ್ಲರ್ ತಪ್ಪಿಸಿ. ತೀರಾ ಎಡತುದಿಯ ಕೀ ಒತ್ತಿ, ಅದರ ಕೆಳಗೆ ಎಳೆಯೋಕೆ ಬೇರೆ ಕೀ ಇರಲ್ಲ. ಆಮೇಲೆ ಮುಂದಿನ ಗುಬುಟುಗಳನ್ನ ಒಂದೊಂದಾಗಿ ಎಳೆದು ಕೇಳಿ. ಅವುಗಳಲ್ಲಿ ಕೆಲವು ರೀಡಿನ ಸಾಲು ತೆರೆಯುತ್ತವೆ, ಕೆಲವು ಒಂದೇ ಸ್ವರ ಹಿಡಿದು ನಿಲ್ಲಿಸುತ್ತವೆ, ಕೆಲವು ಬರೀ ಶೋಕಿಗೆ. ಒಂದೇ ಕೀಯಲ್ಲಿ ದಪ್ಪ ಸ್ವರ ಬೇರೆ, ತೆಳು ಸ್ವರ ಬೇರೆ ಕೇಳಿದ್ರೆ ಎರಡು ಸಾಲು ನಿಜ. ಕೊನೆಗೆ ಒಪ್ಪಿಗೆ ಪಡೆದು ಒಳಗೆ ನೋಡಿ. ಖರ್ಜದ ಪಟ್ಟಿಗಳು ಪಕ್ಕದ ಸಾಲಿಗಿಂತ ಎದ್ದು ಕಾಣೋಷ್ಟು ಉದ್ದ.

ಸ್ಕ್ರೂಗಳನ್ನೂ ನೋಡಿ. ತಲೆ ಸವೆದಿದ್ರೆ, ಪಕ್ಕದಲ್ಲಿ ಹಳೇ ತೂತು ಕಾಣಿಸಿದ್ರೆ, ನಡುವೆ ನಾಲ್ಕು ಪಟ್ಟಿ ಮಾತ್ರ ಹೊಸ ಬಣ್ಣ ಇದ್ರೆ, ಅಲ್ಲಿ ಯಾರೋ ಕೈ ಹಾಕಿದ್ದಾರೆ. ತಪ್ಪೇನಿಲ್ಲ, ಬಾರಿಸೋ ವಾದ್ಯ ರಿಪೇರಿ ಆಗಲೇಬೇಕು. ಬರೆದಿಟ್ಕೊಳ್ಳಿ ಅಷ್ಟೇ. ಪಟ್ಟಿ ಮೇಲೆ ಒತ್ತಿದ ಅಕ್ಷರ ಇದ್ರೆ ಅದರದೊಂದು ಕ್ಲೋಸಪ್. ಪ್ಯಾರಿಸ್‌ನ ಕಾಸ್ರಿಯೆಲ್ ಕಡೆಯಿಂದ ಬಂದ ರೀಡು, ಜರ್ಮನಿಯ ಜುಬಿಲೇಟ್ ರೀಡು, ಗುಜರಾತಿನ ಪಾಲಿತಾಣದ ರೀಡು, ಈ ಮೂರು ಹೆಸರು ಹಳೇ ಪೇಟಿ ಮಂದಿ ಬಾಯಲ್ಲಿ ಸದಾ ಇರ್ತವೆ. ಹೆಸರು ಕೇಳಿದ ಕೂಡಲೇ ರೇಟು ಏರಿಸೋರೂ ಇದ್ದಾರೆ. ಒತ್ತಿದ ಗುರುತು ಕಣ್ಣಿಗೆ ಕಾಣೋವರೆಗೂ ನನ್ನ ಪುಸ್ತಕದಲ್ಲಿ ಆ ಕಾಲಂ ಖಾಲಿ.

6/8

ಇಷ್ಟೊಂದು ಪೇಟಿ ಅಟ್ಟದ ಮೇಲೆ ಯಾಕಿವೆ ಅಂತ ನೀವು ಕೇಳಬಹುದು. ನಾನೂ ಕೇಳಿದೆ.

1842ರಲ್ಲಿ ಪ್ಯಾರಿಸ್‌ನ ಡಿಬೇನ್ ಅನ್ನೋನು ಹಾರ್ಮೋನಿಯಂ ಅನ್ನೋ ಹೆಸರಲ್ಲಿ ಪೇಟೆಂಟ್ ತಗೊಂಡ. ಅದು ಕಾಲಲ್ಲಿ ತುಳಿಯೋ ದೊಡ್ಡ ಮೇಜು. ನಾವು ಕುರ್ಚಿ ಮೇಲೆ ಕೂತು ಹಾಡೋ ಮಂದಿ ಅಲ್ಲ. ಕಲ್ಕತ್ತಾದ ದ್ವಾರಕಾನಾಥ ಘೋಷ್, 1875ರಲ್ಲಿ ದ್ವಾರ್ಕಿನ್ ಅಂಗಡಿ ಶುರು ಮಾಡಿದವರು, ಅದನ್ನ ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ, ಒಂದು ಕೈಯಲ್ಲಿ ಸ್ವರ ಅನ್ನೋ ಹಾಗೆ ಮಾಡಿದ್ರು ಅಂತ ಅವರ ಹೆಸರು ಹೇಳ್ತಾರೆ. ನಾಟಕ ಕಂಪನಿಗಳು ಕಾಲುಪೇಟಿಯನ್ನ ಬಿಡಲಿಲ್ಲ. ಮೈಕ್ ಇಲ್ಲದ ಕಾಲ, ಕೊನೇ ಸಾಲಿನವನಿಗೂ ಕೇಳಬೇಕಲ್ಲ.

ಆಮೇಲೆ ರೇಡಿಯೋ. 1940ರ ಮಾರ್ಚ್‌ನಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನೇ ಬ್ಯಾನ್ ಮಾಡ್ತು. ಕಾರಣ: ಕೀಗಳ ಮಧ್ಯೆ ಜಾರೋಕೆ ಬರಲ್ಲ, ಮೀಂಡ್ ಇಲ್ಲ, ಗಮಕ ಇಲ್ಲ, ಸ್ವರಗಳು ಪಾಶ್ಚಾತ್ಯ ಲೆಕ್ಕದಲ್ಲಿ ಕಟ್ಟಿಟ್ಟಿವೆ. ರವೀಂದ್ರನಾಥ ಠಾಗೋರರೂ ಅದಕ್ಕೆ ವಿರೋಧಿಯೇ. ಆ ಬಾಗಿಲು ಮತ್ತೆ ತೆರೆಯೋಕೆ ಶುರುವಾಗಿದ್ದು 1971ರಲ್ಲಿ. ಮೂವತ್ತೊಂದು ವರ್ಷ! ಅವರ ವಾದ ಪೂರ್ತಿ ಸುಳ್ಳಲ್ಲ, ಪೇಟಿಯಲ್ಲಿ ಜಾರೋಕೆ ನಿಜವಾಗ್ಲೂ ಬರಲ್ಲ. ಆದ್ರೆ ಬೆಳಗಾವಿಯ ರಾಮಭಾವು ಬಿಜಾಪುರೆ (1917–2010) ಅವರ ರೆಕಾರ್ಡಿಂಗ್ ಹುಡುಕಿ ಕೇಳಿ, ಆಮೇಲೆ ಪೇಟಿಗೆ ಏನು ಬರಲ್ಲ ಅಂತ ನನಗೆ ಹೇಳಿ.

ರೇಡಿಯೋ ಬೇಡ ಅಂದ್ರೂ ನಮ್ಮೂರ ಗುಡಿ ಬೇಡ ಅನ್ನಲಿಲ್ಲ. ಈಗ ಅದೇ ಗುಡಿಗೆ ಬ್ಯಾಟರಿ ಕೀಬೋರ್ಡ್ ಬಂದಿದೆ. ಹಗುರ, ಇಲಿ ಕಡಿಯಲ್ಲ. ಪೇಟಿ ಬಾರಿಸ್ತಿದ್ದ ಕೈಗಳಿಗೂ ವಯಸ್ಸಾಯ್ತು.

7/8

ಲೆಡ್ಜರ್‌ನಲ್ಲಿ ಈಗ 11 ಪೇಟಿ ಇವೆ. ಅದರಲ್ಲಿ ನಾನು ಕೊಂಡಿದ್ದು ಎರಡೇ. ಹಾಸ್ಟೆಲ್ ಮಂಚದ ಕೆಳಗೆ ಮೂರನೆಯದಕ್ಕೆ ಜಾಗ ಇಲ್ಲ, ಪರ್ಸಲ್ಲೂ ಇಲ್ಲ. ಸವಕಳಿ ಲೆಕ್ಕ ಹಾಕಿದ್ರೆ ಇವೆಲ್ಲದರ ಪುಸ್ತಕ ಬೆಲೆ ಸೊನ್ನೆ ಆಗಿ ಎಷ್ಟೋ ಕಾಲ ಆಯ್ತು. ಎಕ್ಸಾಮಲ್ಲಿ ಹಾಗೇ ಬರೀತೀನಿ, ಮಾರ್ಕ್ಸ್ ಬೇಕಲ್ಲ.

ಎಂಟ್ರಿ 7ರ ಬಗ್ಗೆ ಹೇಳಬೇಕು. ಒಂದು ಹಳ್ಳಿಯಲ್ಲಿ ಒಬ್ಬರು ಅಜ್ಜಿ. ಅವರ ಯಜಮಾನರು ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರು. ಕೈಪೇಟಿ ಒಂದು ಉಳಿದಿದೆ. ಗೋಣಿಚೀಲ ಬಿಚ್ಚಿದ್ರೆ ಎರಡು ಸಾಲು ರೀಡು, ಒಂದೂ ಸ್ಕ್ರೂ ತಲೆ ಸವೆದಿಲ್ಲ, ಖರ್ಜದ ಒಂದೊಂದು ಪಟ್ಟಿಯ ಪಕ್ಕ ಸ್ವರದ ಹೆಸರು ಪೆನ್ಸಿಲ್ಲಲ್ಲಿ. ನನ್ನ ಕೈ ನಡುಗ್ತಿತ್ತು. ಇದರ ಖರ್ಜದ ಸಾಲು ಸಿಕ್ಕರೆ ಅಜ್ಜನ ಪೇಟಿಗೆ ಕೂರಿಸಬಹುದು ಅಂತ ಆಸೆ. ಅಳೆದೂ ನೋಡಿದೆ, ಕೂರ್ತಿತ್ತು.

"ಅಮ್ಮಾ, ಇದನ್ನ ಕೊಡ್ತೀರೇನ್ರಿ? ನಾಕ್ ಸಾವಿರ ಐತಿ ನನ್ನ ಕಡೆ."

ಅಜ್ಜಿ ಸೆರಗಿನಿಂದ ಪೇಟಿ ಒರೆಸಿದ್ರು. "ಪೂರಾ ಒಯ್ತಿಯೋ, ಬರೇ ಹೊಟ್ಟ್ಯಾಗಿಂದು ತಕ್ಕೊಂತಿಯೋ?"

ನಾನು ಸುಳ್ಳು ಹೇಳಬಹುದಿತ್ತು. ಹೇಳೋಕೆ ಬಾಯಿ ಬರಲಿಲ್ಲ. "ಹೊಟ್ಟ್ಯಾಗಿಂದು" ಅಂದೆ.

"ಹಂಗಾರ ಬ್ಯಾಡ ತಗಿಯವಾ. ನಿನಗ ಬಾರಸಾಕ ಬರತೈತೇನು?"

ಸರಿಯಾಗಿ ಬರಲ್ಲ. ಭಜನೆಯ ಎರಡು ಹಾಡು ಬರ್ತವೆ ಅಷ್ಟೇ, ಅದೂ ತಡವರಿಸಿಕೊಂಡು. ಬಾರಿಸಿದೆ. ಮೂರು ರೀಡು ಧೂಳು ಹಿಡಿದು ಮೂಕಾಗಿದ್ವು, ಆದ್ರೆ ಖರ್ಜ ಇತ್ತು. ಅಜ್ಜಿ ಗೋಡೆಗೆ ಒರಗಿ ಕೂತು, ಅಂಗೈಯನ್ನ ಪೇಟಿ ಮೇಲೆ ಇಟ್ಕೊಂಡಿದ್ರು. ಬರೋವಾಗ ಶೇಂಗಾ ಉಂಡಿ ಕಟ್ಟಿಕೊಟ್ರು, ತಿಂಗಳಿಗೊಂದ್ ಸಲ ಬಂದು ಗಾಳಿ ಹಾಕಿ ಹೋಗು ಅಂದ್ರು. ಹೋಗ್ತಾ ಇದೀನಿ. ಮೂಕಾದ ಮೂರು ರೀಡಲ್ಲಿ ಎರಡನ್ನ ಒಣ ಬ್ರಶ್ಶಲ್ಲೇ ಮಾತಾಡಿಸಿದೆ.

ಅವತ್ತಿಂದ ಪುಸ್ತಕದಲ್ಲಿ "ಬೆಲೆ" ಕಾಲಂ ಪಕ್ಕ ಇನ್ನೊಂದು ಕಾಲಂ ಎಳೆದೆ: "ಯಾರು ಬಾರಿಸ್ತಿದ್ರು".

8/8

ಎಂಟ್ರಿ 1 ಅಜ್ಜನ ಪೇಟಿ. ಕೀ: 39. ಸಾಲು: ಎರಡು. ಖರ್ಜ: ಇತ್ತು, ಈಗ ಇಲ್ಲ. ತೆಗೆಸಿದವರು: ನಾನು. ಗುರುತು: ನೋಡಲಿಲ್ಲ. ಯಾವ ಊರಿನ ರೀಡು ಅಂತ ಇನ್ನು ಯಾವತ್ತೂ ಗೊತ್ತಾಗಲ್ಲ, ಯಾಕಂದ್ರೆ ಕೊಡೋ ಮುಂಚೆ ಮುಚ್ಚಳ ತೆಗೆದು ಒಂದು ಫೋಟೋ ತಗೊಳ್ಳೋ ಬುದ್ಧಿ ನನಗೆ ಬರಲಿಲ್ಲ. ದಿನಕ್ಕೆ ನಲವತ್ತು ಸೆಲ್ಫಿ ತಗೋತಿದ್ದೆ ಆಗ.

ಹಾಗಾಗಿ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಹತ್ತಿ. ಪೇಟಿ ಇದ್ರೆ ನಾಲ್ಕು ಫೋಟೋ ಸಾಕು: ಮುಂದಿನ ಲೇಬಲ್, ಪೂರ್ತಿ ಕೀ ಸಾಲು, ಒಳಗಿನ ರೀಡು, ಒತ್ತಿದ ಅಕ್ಷರ ಅಥವಾ ಪೆನ್ಸಿಲ್ ಬರಹ. ಎಣ್ಣೆ ಹಾಕಬೇಡಿ, ಕೊಬ್ಬರಿ ಎಣ್ಣೆ ಅಂತೂ ಬೇಡವೇ ಬೇಡ, ಧೂಳು ಅಂಟಿ ನಾಲಿಗೆ ಕಟ್ಟಿಹೋಗುತ್ತೆ. ನೀರು ಬೇಡ. ಉಪ್ಪು ಕಾಗದ ಹಾಕಿ ಹಿತ್ತಾಳೆ ಹೊಳೆಸೋಕೆ ಹೋಗಬೇಡಿ, ಶ್ರುತಿ ಹೋಗುತ್ತೆ. ರಿಪೇರಿಗೆ ಕೊಟ್ರೆ "ಹಳೇದೆಲ್ಲಾ ವಾಪಸ್ ಕೊಡ್ರಿ" ಅಂತ ಚೀಟಿಯಲ್ಲಿ ಬರೆಸಿ. ಫೋಟೋ ನನಗೆ ಡಿಎಂ ಮಾಡಿ, ಊರು ಮತ್ತು ಬಾರಿಸ್ತಿದ್ದವರ ಹೆಸರು ನೀವು ಒಪ್ಪಿದ್ರೆ ಮಾತ್ರ ಬರ್ಕೋತೀನಿ. ಮಾರಾಟಕ್ಕೆ ಕೇಳಲ್ಲ, ಪ್ರಾಮಿಸ್.

ಕೊನೇ ಸ್ಲೈಡ್ ಆಡಿಯೋ. ಅಪ್ಪನ ಹಳೇ ಫೋನಲ್ಲಿ ಸಿಕ್ತು, ಒಂದು ಶ್ರಾವಣದ ರಾತ್ರಿ, ಮೂರು ನಿಮಿಷ. ಮೊದಲು ಫೋನ್ ಸ್ಪೀಕರಲ್ಲಿ ಕೇಳಿದಾಗ ಬರೀ ತಾಳ, ನಾಯಿ ಬೊಗಳೋದು, ಯಾರೋ ಕೆಮ್ಮೋದು. ಖರ್ಜ ಇರಲೇ ಇಲ್ಲ. ಅಷ್ಟು ಕೆಳಗಿನ ಸ್ವರ ಆ ಸಣ್ಣ ಸ್ಪೀಕರಿಗೆ ಎತ್ತೋಕಾಗಲ್ಲ. ಆಮೇಲೆ ಇಯರ್‌ಫೋನ್ ಹಾಕಿ ಅಪ್ಪನಿಗೆ ಒಂದು ಕಿವಿ, ನನಗೊಂದು ಕಿವಿ. ಒಂದು ನಿಮಿಷ ಹತ್ತು ಸೆಕೆಂಡಿಗೆ ಹಾಡೋರು ಉಸಿರು ತಗೋತಾರೆ, ಆಗ ಸ್ವಲ್ಪ ಹೊತ್ತು ಪೇಟಿ ಒಂದೇ ಇರುತ್ತೆ.

ಅಪ್ಪ ಅಲ್ಲಿಗೆ ಬಂದಾಗೆಲ್ಲಾ ಹಿಂದಕ್ಕೆ ಎಳೆದು ಮತ್ತೆ ಹಾಕ್ತಾನೆ. ನೀವೂ ಇಯರ್‌ಫೋನ್ ಹಾಕ್ಕೊಂಡೇ ಕೇಳಿ.